ಚಿನ್ನದ ಲೆಕ್ಕ, ನೀರಿನ ಲೆಕ್ಕ: ಕೋಲಾರ ಗಣಿಪ್ರದೇಶದ ಅನುಭವ ಮತ್ತು ಕೃತಕ ಬುದ್ಧಿಮತ್ತೆಯ ಪರಿಸರ ಹೊಣೆ

1

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಹೋಬಳಿಯು ಕರ್ನಾಟಕ, ಆಂಧ್ರಪ್ರದೇಶ ಮತ್ತು ತಮಿಳುನಾಡುಗಳ ಗಡಿಗಳು ಒಂದನ್ನೊಂದು ಮುಟ್ಟುವ ಸೀಮೆಗೆ ಸೇರಿದ್ದು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯ ಊರ ಹೆಸರುಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಮಳೆ ಕಡಮೆಯಿರುವ ಈ ನೆಲದಲ್ಲಿ ಊರುಗಳಿಗೆ ‘ಸಮುದ್ರ’ ಎಂಬ ಹೆಸರಿದೆ. ಕಡಲನ್ನು ಕಾಣದ ಒಳನಾಡಿನ ಜನ ತಮ್ಮ ದೊಡ್ಡ ಕೆರೆಗಳನ್ನು ಸಮುದ್ರವೆಂದು ಕರೆದುದು ಕರ್ನಾಟಕದ ಶಾಸನಗಳಲ್ಲೂ ಸ್ಥಳನಾಮಗಳಲ್ಲೂ ಹೇರಳವಾಗಿ ಕಾಣಬರುತ್ತದೆ. ಹನಿ ನೀರನ್ನೂ ಹಿಡಿದಿಡಬೇಕಾದವರು ಮಾತ್ರ ಹಿಡಿದಿಟ್ಟ ನೀರಿಗೆ ಅಷ್ಟು ದೊಡ್ಡ ಹೆಸರು ಕೊಡಬಲ್ಲರು.

ಈ ಹೋಬಳಿಗೆ ಹತ್ತಿರದಲ್ಲಿಯೇ ಕೋಲಾರ ಚಿನ್ನದ ಗಣಿಪ್ರದೇಶವಿದೆ. ಭಾರತದಲ್ಲಿ ಆಧುನಿಕ ತಂತ್ರಜ್ಞಾನವು ಬೃಹತ್ ಪ್ರಮಾಣದಲ್ಲಿ ಮೊದಲು ಬೇರೂರಿದ ತಾಣಗಳಲ್ಲಿ ಇದೂ ಒಂದು. ಇಲ್ಲಿಗೆ ವಿದ್ಯುತ್ತನ್ನು ಒದಗಿಸಿದ ಊರಿನ ಹೆಸರು ಶಿವನಸಮುದ್ರ. ಒಂದು ಸಮುದ್ರ ಕಾವೇರಿಯ ಜಲಪಾತದ ತಾಣ. ಇನ್ನೊಂದು ಕೆರೆಯ ನೆನಪನ್ನು ಹೊತ್ತ ಗಡಿಯೂರು. ಇವೆರಡರ ನಡುವೆ ಒಂದು ಶತಮಾನಕ್ಕೂ ಮಿಕ್ಕು ನಡೆದ ತಾಂತ್ರಿಕ ಪ್ರಯೋಗದಲ್ಲಿ ಯಾರಿಗೆ ಏನು ದಕ್ಕಿತು, ಯಾರ ಪಾಲಿಗೆ ಏನು ಉಳಿಯಿತು ಎಂಬುದನ್ನು ಪರಿಶೀಲಿಸಿ, ಆ ಅನುಭವದ ಬೆಳಕಿನಲ್ಲಿ ಇಂದಿನ ಕೃತಕ ಬುದ್ಧಿಮತ್ತೆಯ ಪರಿಸರ ಹೊಣೆಯನ್ನು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಿಗೂ ಗಣಕಕ್ಕೂ ಏನು ನಂಟು ಎಂಬ ಪ್ರಶ್ನೆ ಸಹಜ. ಕೃತಕ ಬುದ್ಧಿಮತ್ತೆಯನ್ನು ಕುರಿತ ಮಾತುಗಳೆಲ್ಲ ಅದನ್ನು ನೆಲವಿಲ್ಲದ, ತೂಕವಿಲ್ಲದ ವಸ್ತುವೆಂಬಂತೆ ಚಿತ್ರಿಸುತ್ತವೆ. ದತ್ತಾಂಶವನ್ನು ‘ಮೋಡ’ದಲ್ಲಿ ಇಡಲಾಗಿದೆ ಎನ್ನುವುದೇ ವಾಡಿಕೆಯಾಗಿದೆ. ಆದರೆ ಅದು ನೆಲದ ಮೇಲಿನ ಕಟ್ಟಡಗಳಲ್ಲಿ, ಕಬ್ಬಿಣದ ಕಪಾಟುಗಳಲ್ಲಿ ಜೋಡಿಸಿದ ಯಂತ್ರಗಳಲ್ಲಿ ನಡೆಯುವ ಕೆಲಸ. ಅದಕ್ಕೆ ವಿದ್ಯುತ್ ಬೇಕು. ಬಿಸಿಯಾದ ಯಂತ್ರಗಳನ್ನು ತಣಿಸಲು ಹಲವೆಡೆ ನೀರು ಬೇಕು. ಯಂತ್ರಗಳು ಹಳತಾದಾಗ ಕಸ ಉಳಿಯುತ್ತದೆ. ಶಕ್ತಿ, ನೀರು, ಶೇಷ ಎಂಬ ಈ ಮೂರೇ ಕೋಲಾರ ಗಣಿಗಳ ಪರಿಸರ ಚರಿತ್ರೆಯ ಮೂರು ಅಧ್ಯಾಯಗಳೂ ಆಗಿವೆ.

2

ಕೋಲಾರದ ಚಿನ್ನವನ್ನು ಕಂಪನಿಗಳು ಕಂಡುಹಿಡಿದವು ಎನ್ನುವುದು ಪೂರ್ಣ ನಿಜವಲ್ಲ. 1802ರಲ್ಲಿ ಮೈಸೂರು ಸೀಮೆಯ ಸರ್ವೆಯಲ್ಲಿ ತೊಡಗಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಈ ಭಾಗದಲ್ಲಿ ಚಿನ್ನ ಸಿಗುವ ಸುದ್ದಿ ಕೇಳಿ ಬಂದಾಗ, ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ದಾಖಲಿಸಿದ್ದಾನೆ. ಸ್ಥಳೀಯರಿಗೆ ಭೂಮಿಯ ಒಳಗಿನ ಸಂಪತ್ತಿನ ತಿಳಿವಳಿಕೆಯಿತ್ತು; ಆದರೆ ಅವರು ತೆಗೆಯುತ್ತಿದ್ದುದು ಕೈಬಲಕ್ಕೆ, ಸಿಗುವ ನೀರಿಗೆ ನಿಲುಕುವಷ್ಟು ಮಾತ್ರ.

ವಾರೆನನ ಬರಹವನ್ನು ಓದಿದ ಐರಿಷ್ ಮೂಲದ ಮಾಜಿ ಸೈನಿಕ ಮೈಕೆಲ್ ಲ್ಯಾವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದನು. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಕಾಲಿಟ್ಟಿತು. ಮೊದಲ ವರ್ಷಗಳ ನಿರಾಶೆಯ ನಂತರ ಚಾಂಪಿಯನ್ ರೀಫ್ ಎಂಬ ಶ್ರೀಮಂತ ಅದಿರಿನ ಪದರ ದೊರೆತು, ಗಣಿಗಾರಿಕೆ ಭರದಿಂದ ಬೆಳೆಯಿತು. ಅಂದು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1890ರ ದಶಕದಲ್ಲಿ ರೈಲು ಹಾದಿ ಬಂದಿತು.

ಆಗ ಗಣಿಯನ್ನು ನಡೆಸುತ್ತಿದ್ದುದು ಉಗಿ. ಕೆಳಗಿನಿಂದ ಅದಿರನ್ನು ಎತ್ತುವ, ನೀರನ್ನು ಹೊರಹಾಕುವ, ಕಲ್ಲನ್ನು ಪುಡಿಮಾಡುವ ಯಂತ್ರಗಳಿಗೆಲ್ಲ ಉರುವಲು ಬೇಕಿತ್ತು. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕು. ಸೌದೆಯಾದರೋ ಕಾಡುಗಳಿಂದ ಬರಬೇಕು. ಸುರಂಗಗಳ ಮೇಲ್ಛಾವಣಿಗೆ ಆಸರೆ ಕೊಡಲು ಬೇರೆ ಮರ ಬೇಕು. ಗಣಿಯೆಂಬುದು ನೆಲದೊಳಗಿನ ಉದ್ಯಮವಾದರೂ ಅದರ ಹಸಿವು ನೆಲದ ಮೇಲೆ ಹರಡಿತ್ತು.

ಈ ಹಸಿವಿಗೆ ದೊರೆತ ಉತ್ತರವೇ ಶಿವನಸಮುದ್ರದ ಜಲವಿದ್ಯುತ್. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು, ಮೈಸೂರು ಸರ್ಕಾರದ ಎಂಜಿನಿಯರ್ ಎ. ಜೋಲಿ ಡಿ ಲಾಟ್‌ಬಿನಿಯರ್ ಅವರ ಮುಂದಾಳುತನದಲ್ಲಿ ಕೈಗೂಡಿದ ಈ ಯೋಜನೆಯಿಂದ 1902ರ ಜೂನ್ ತಿಂಗಳ ಕೊನೆಯಲ್ಲಿ ಗಣಿಗಳಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ಉದ್ದದ ಆ ತಂತಿಮಾರ್ಗವು ಅಂದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿತ್ತು. ಸುಮಾರು ನಾಲ್ಕು ಸಾವಿರ ಅಶ್ವಶಕ್ತಿಯಷ್ಟು ವಿದ್ಯುತ್ ಗಣಿಗಳಿಗೆ ಮೀಸಲಾಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಇದಾದ ಮೂರು ವರ್ಷಗಳ ನಂತರ, 1905ರಲ್ಲಿ. ತಂತಿ ಹಾದುಹೋದ ಹಳ್ಳಿಗಳ ಮನೆಗಳಿಗೆ ಅದರ ಬೆಳಕು ಇಳಿಯಲು ದಶಕಗಳೇ ಹಿಡಿದವು.

3

ಈ ಬದಲಾವಣೆಯನ್ನು ಏಕಪಕ್ಷೀಯವಾಗಿ ನೋಡುವುದು ಸರಿಯಲ್ಲ. ಉಗಿಯ ಜಾಗಕ್ಕೆ ಜಲವಿದ್ಯುತ್ ಬಂದುದರಿಂದ ಸೌದೆ, ಕಲ್ಲಿದ್ದಲುಗಳ ಹೊರೆ ತಗ್ಗಿತು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ‘ಹಸಿರು’ ಪರಿವರ್ತನೆಯೇ ಸರಿ. ಆದರೆ ಅಲ್ಲಿಂದ ಮುಂದಿನ ಚರಿತ್ರೆ ಗಮನಾರ್ಹವಾಗಿದೆ. ಶಕ್ತಿ ಅಗ್ಗವಾದಂತೆ ಗಣಿಯ ಒಟ್ಟು ಬಳಕೆ ಕುಗ್ಗಲಿಲ್ಲ, ಹಿಗ್ಗಿತು. ಅಗ್ಗದ ವಿದ್ಯುತ್ತಿನಿಂದ ಇನ್ನೂ ಆಳಕ್ಕೆ ಇಳಿಯುವುದು, ಇನ್ನೂ ಬಡ ಅದಿರನ್ನು ಅರೆಯುವುದು ಲಾಭದಾಯಕವಾಯಿತು. ಶಿವನಸಮುದ್ರದ ಸಾಮರ್ಥ್ಯವನ್ನು ಹಂತಹಂತವಾಗಿ ಹೆಚ್ಚಿಸಬೇಕಾಯಿತು. ಬೇಸಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದಾಗ ವಿದ್ಯುತ್ ಕುಂದುತ್ತಿತ್ತು. ವರ್ಷವಿಡೀ ಹರಿವನ್ನು ಕಾಯ್ದುಕೊಳ್ಳುವ ಅಗತ್ಯವು 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಸಮರ್ಥನೆಗೆ ಒದಗಿದ ಕಾರಣಗಳಲ್ಲಿ ಒಂದಾಗಿತ್ತು. ಆ ಅಣೆಕಟ್ಟೆ ಮುಂದೆ ಮಂಡ್ಯ ಸೀಮೆಗೆ ಅನ್ನ ಕೊಟ್ಟಿತೆಂಬುದು ನಿಜ. ಅದರ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವೆಂಬುದೂ ಅಷ್ಟೇ ನಿಜ. ಕೋಲಾರದಲ್ಲಿ ಚಿನ್ನ ಬೇಕೆಂದರೆ ನೂರಕ್ಕೂ ಹೆಚ್ಚು ಮೈಲಿ ದೂರದಲ್ಲಿ ನದಿಯೊಂದರ ನಡೆಯೇ ಬದಲಾಗಬೇಕಾಯಿತು.

ಉಪಕರಣದ ದಕ್ಷತೆ ಹೆಚ್ಚಿದಂತೆ ಸಂಪನ್ಮೂಲದ ಒಟ್ಟು ಬಳಕೆ ಇಳಿಯುವ ಬದಲು ಏರಬಹುದೆಂಬ ಈ ತತ್ತ್ವವನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿಯೇ ಕಲ್ಲಿದ್ದಲನ್ನು ಕುರಿತು ಮಂಡಿಸಿದ್ದನು. ಕೋಲಾರವು ಅದಕ್ಕೆ ಕನ್ನಡನಾಡಿನ ನಿದರ್ಶನ.

ಆಳಕ್ಕೆ ಇಳಿದಂತೆ ಮತ್ತೊಂದು ಸಮಸ್ಯೆ ಎದುರಾಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಮೀರಿದ ಆಳವನ್ನು ಮುಟ್ಟಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಮನುಷ್ಯ ನಿಂತು ದುಡಿಯಬೇಕಾದರೆ ತಣ್ಣನೆಯ ಗಾಳಿಯನ್ನು ಯಂತ್ರಗಳಿಂದ ಕೆಳಗೆ ನೂಕಬೇಕು. ಅಂದರೆ ಚಿನ್ನ ತೆಗೆಯಲು ಬೇಕಾದ ಶಕ್ತಿಯ ಜತೆಗೆ, ತೆಗೆಯುವ ತಾಣವನ್ನು ತಣಿಸಲು ಬೇರೆಯೇ ಶಕ್ತಿ ಖರ್ಚಾಗತೊಡಗಿತು.

ನೀರಿನ ಕಥೆ ಇದಕ್ಕೆ ಸೇರಿಕೊಂಡದ್ದು. ಗಣಿಗಳಿಗೂ, ಗಣಿಗಳ ಸುತ್ತ ಬೆಳೆದ ಪಟ್ಟಣಕ್ಕೂ ಪಾಲಾರ್ ನದಿಯ ಬೇತಮಂಗಲದ ಜಲಾಶಯದಿಂದ ನೀರು ಬಂದಿತು. ಜಿಲ್ಲೆಯ ಉಳಿದ ಭಾಗ ಮಳೆಯನ್ನು, ಕೆರೆಯನ್ನು ನೆಚ್ಚಿಕೊಂಡು ಬದುಕಿತು. ಗಣಿಪಟ್ಟಣ ಕೊಳವೆಯ ನೀರನ್ನು ಕಂಡಿತು. ಪಟ್ಟಣದೊಳಗೂ ಆ ನೀರು ಸಮನಾಗಿ ಹಂಚಿಕೆಯಾಗಲಿಲ್ಲ. ಯುರೋಪಿಯನ್ ಅಧಿಕಾರಿಗಳ ಬಂಗಲೆಗಳಿಗೂ, ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತ ಕಾರ್ಮಿಕರ ಸಾಲುಮನೆಗಳಿಗೂ ಇದ್ದ ಅಂತರ ನೀರಿನ ಅಂತರವೂ ಆಗಿತ್ತು.

4

ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಅದಿರಿನ ಗುಣ ಇಳಿಯುತ್ತ ಬಂದು, ಮೊದಲ ದಶಕಗಳಲ್ಲಿ ಒಂದು ಟನ್ ಅದಿರಿಗೆ ನಲವತ್ತು ಗ್ರಾಂ ಆಸುಪಾಸಿನಲ್ಲಿದ್ದ ಚಿನ್ನ ಕೊನೆಗೆ ಕೆಲವೇ ಗ್ರಾಂ ಮಟ್ಟಕ್ಕೆ ಬಂದಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್.

ಆ 800 ಟನ್ ಚಿನ್ನದಲ್ಲಿ ಕೋಲಾರದಲ್ಲಿ ಉಳಿದುದು ಏನೇನೂ ಇಲ್ಲ ಎನ್ನಬಹುದು. ಉಳಿದುದು ಸೈನೈಡ್ ದಿಬ್ಬಗಳು. ಪುಡಿ ಮಾಡಿದ ಅದಿರಿನಿಂದ ಸೈನೈಡ್ ದ್ರಾವಣದ ಮೂಲಕ ಚಿನ್ನವನ್ನು ಬೇರ್ಪಡಿಸಿದ ಮೇಲೆ ಹೊರಹಾಕಿದ ನುಣ್ಣನೆಯ ಶೇಷವೇ ಈ ದಿಬ್ಬಗಳಾಗಿ ನಿಂತಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಇವುಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಾಗ ಹೊರಬಂದ ಲೆಕ್ಕದಂತೆ, ಒಂದು ಸಾವಿರ ಎಕರೆಗೂ ಮಿಕ್ಕ ಜಾಗದಲ್ಲಿ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಶೇಷವಿದೆ. ಭಾಗಿಸಿ ನೋಡಿದರೆ, ತೆಗೆದ ಒಂದೊಂದು ಗ್ರಾಂ ಚಿನ್ನಕ್ಕೂ ಸುಮಾರು 41 ಕಿಲೋ ದಿಬ್ಬದ ಮಣ್ಣು. ಎಂಟು ಗ್ರಾಂ ತೂಕದ ಒಂದು ಸವರನ್ ಒಡವೆಯನ್ನು ಎಲ್ಲಿಯೋ ಒಬ್ಬರು ಧರಿಸಿದ್ದರೆ, ಅದರ ನೆರಳಾಗಿ ಮುನ್ನೂರಿಪ್ಪತ್ತೆಂಟು ಕಿಲೋ ಶೇಷ ಇಲ್ಲಿ ಬಿದ್ದಿದೆ. ಬೇಸಗೆಯ ಗಾಳಿಗೆ ಅದರ ಧೂಳು ಮನೆಗಳನ್ನು ಹೊಗುತ್ತದೆ. ಮಳೆಗೆ ಅದು ಕರಗಿ ಕಾಲುವೆ, ಹೊಲಗಳನ್ನು ಸೇರುತ್ತದೆ. ಗಣಿಯೊಳಗೆ ಕಲ್ಲಿನ ಧೂಳು ಕುಡಿದವರ ಶ್ವಾಸಕೋಶಗಳಲ್ಲಿ ಸಿಲಿಕೋಸಿಸ್ ಕಾಯಿಲೆ ಉಳಿಯಿತು.

ಇಲ್ಲಿ ಗಮನಿಸಬೇಕಾದುದು ಲೆಕ್ಕದ ಪುಸ್ತಕವನ್ನು. ಗಣಿ ಕಂಪನಿಗಳು ಲೆಕ್ಕದಲ್ಲಿ ಸೋಮಾರಿಗಳಾಗಿರಲಿಲ್ಲ. ಅರೆದ ಅದಿರೆಷ್ಟು, ದೊರೆತ ಚಿನ್ನವೆಷ್ಟು, ಪಾಲುದಾರರಿಗೆ ಕೊಟ್ಟ ಲಾಭಾಂಶವೆಷ್ಟು ಎಂಬುದು ಲಂಡನ್ನಿಗೆ ವರ್ಷ ವರ್ಷವೂ ತಲುಪುತ್ತಿತ್ತು. ಆ ಪುಸ್ತಕದಲ್ಲಿ ಕಡಿದ ಮರಕ್ಕೆ, ಎಳೆದ ನೀರಿಗೆ, ರಾಶಿ ಬಿದ್ದ ಶೇಷಕ್ಕೆ, ಕೆಮ್ಮುವ ಎದೆಗೆ ಒಂದು ಕಲಂ ಇರಲಿಲ್ಲ. ಅದು ಲೆಕ್ಕ ತಪ್ಪಿದ ಪುಸ್ತಕವಲ್ಲ. ಕೆಲವನ್ನು ಲೆಕ್ಕಕ್ಕೇ ಹಿಡಿಯದ ಪುಸ್ತಕ. ಗಣಿ ಮುಚ್ಚಿದಾಗ ಹಿಡಿಯದೆ ಬಿಟ್ಟ ಬಾಕಿಯೆಲ್ಲ ಸುತ್ತಲಿನ ಊರುಗಳ ಹೆಸರಿಗೆ ವರ್ಗವಾಯಿತು.

5

ಇದಕ್ಕೆ ಪ್ರತಿಯಾಗಿ ಇದೇ ನೆಲದಲ್ಲಿ ಇನ್ನೊಂದು ಬಗೆಯ ಲೆಕ್ಕವಿತ್ತು. ಅದು ಕೆರೆಯ ಲೆಕ್ಕ. ಏರಿ, ತೂಬು, ಕೋಡಿ, ರಾಜಕಾಲುವೆ, ಅಚ್ಚುಕಟ್ಟು ಎಂಬ ಪದಗಳು ಕೆರೆಯ ಅಂಗಗಳ ಹೆಸರುಗಳಷ್ಟೇ ಅಲ್ಲ. ಒಂದು ಆಡಳಿತ ಕ್ರಮದ ಶಬ್ದಕೋಶ. ತೂಬನ್ನು ತೆರೆದು ಮುಚ್ಚುವ ಅಧಿಕಾರ ನೀರಗಂಟಿಯದು. ಯಾವ ಗದ್ದೆಗೆ ಯಾವ ಸರದಿ, ಎಷ್ಟು ಹೊತ್ತು ಎಂಬುದನ್ನು ಅವನು ಕೆರೆಯಲ್ಲಿರುವ ನೀರನ್ನು ನೋಡಿ ನಿರ್ಧರಿಸುತ್ತಿದ್ದನು. ನೀರು ಕಡಮೆಯಾದ ವರ್ಷ ಅಚ್ಚುಕಟ್ಟಿನ ಒಂದು ಭಾಗಕ್ಕೆ ಮಾತ್ರ ಭತ್ತ. ಉಳಿದದ್ದಕ್ಕೆ ರಾಗಿ ಅಥವಾ ಬೀಳು. ಬೇಸಗೆಯಲ್ಲಿ ಕೆರೆಯ ಹೂಳನ್ನು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು, ಶೇಷವೇ ಗೊಬ್ಬರವಾಗುತ್ತಿತ್ತು. ಮೊದಲು ಇರುವುದನ್ನು ಅಳೆ, ಆಮೇಲೆ ಬಳಸು, ಉಳಿದುದನ್ನು ನೆಲಕ್ಕೆ ಮರಳಿಸು ಎಂಬುದು ಈ ಕ್ರಮದ ಸಾರ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ಹಣದ ಮಾತಾಗಿ ಮಾತ್ರ ಬಳಸುತ್ತೇವೆ. ಕೆರೆಯ ನಾಡಿನಲ್ಲಿ ಅದು ನೀರಿನ ಮಾತೂ ಹೌದು.

ಈ ವ್ಯವಸ್ಥೆಯನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ನೀರಗಂಟಿಯ ಕೆಲಸ ಬಹಳ ಕಡೆ ಕೆಳಜಾತಿಗಳಿಗೆ ಸೇರಿದ್ದು, ಅಚ್ಚುಕಟ್ಟಿನ ಒಡೆತನ ಮೇಲ್ಜಾತಿಗಳದಾಗಿತ್ತು. ಜನಪದವೇ ಈ ಕಹಿಯನ್ನು ಮರೆಮಾಚಿಲ್ಲ. ‘ಕೆರೆಗೆ ಹಾರ’ ಎಂಬ ಪ್ರಸಿದ್ಧ ಕಥನಗೀತೆಯಲ್ಲಿ ಕಟ್ಟಿಸಿದ ಕೆರೆಗೆ ನೀರು ಬರಲೆಂದು ಆಹುತಿಯಾಗುವವಳು ಊರ ಗೌಡನಲ್ಲ, ಮನೆಯ ಕಿರಿಯ ಸೊಸೆ ಭಾಗೀರಥಿ. ಸಾರ್ವಜನಿಕ ಹಿತವೆಂಬ ಕೆಲಸದ ಬೆಲೆಯನ್ನು ಯಾರಿಂದ ಕೀಳಲಾಗುತ್ತದೆ ಎಂಬ ಪ್ರಶ್ನೆಯನ್ನು ಆ ಗೀತೆ ನಮ್ಮ ಮುಂದಿಟ್ಟಿದೆ. ತೀರ್ಮಾನದ ಚಾವಡಿಯಲ್ಲಿ ಇಲ್ಲದವರ ಪಾಲಿಗೇ ಬೆಲೆ ಬೀಳುತ್ತದೆ. ಗಣಿಯ ಚರಿತ್ರೆಗೂ, ಮುಂದೆ ಚರ್ಚಿಸಲಿರುವ ಸಂಗತಿಗೂ ಈ ಪ್ರಶ್ನೆ ಸಮಾನವಾಗಿ ಅನ್ವಯಿಸುತ್ತದೆ.

6

ಈಗ ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಬರಬಹುದು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನ ದತ್ತಾಂಶ ಕೇಂದ್ರಗಳು 2024ರಲ್ಲಿ ಬಳಸಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್. ಇದು ಜಗತ್ತಿನ ಒಟ್ಟು ವಿದ್ಯುತ್ ಬಳಕೆಯಲ್ಲಿ ಸುಮಾರು ಶೇ. 1.5. ಈ ಪ್ರಮಾಣ 2030ರ ವೇಳೆಗೆ 94,500 ಕೋಟಿ ಯೂನಿಟ್‌ಗಳ ಆಸುಪಾಸಿಗೆ, ಅಂದರೆ ಎರಡು ಪಟ್ಟಿಗೂ ಮಿಗಿಲಾಗಿ ಏರಬಹುದೆಂದು ಅದೇ ವರದಿ ಅಂದಾಜಿಸಿದೆ. ಈ ಏರಿಕೆಗೆ ಮುಖ್ಯ ಕಾರಣಗಳಲ್ಲಿ ಕೃತಕ ಬುದ್ಧಿಮತ್ತೆಯೂ ಒಂದು.

ಇದರೊಳಗೆ ಎರಡು ಬಗೆಯ ವೆಚ್ಚಗಳಿವೆ. ಮೊದಲನೆಯದು ಮಾದರಿಯನ್ನು ತರಬೇತಿಗೊಳಿಸುವ ವೆಚ್ಚ. ಜಿಪಿಟಿ-3 ಎಂಬ ಭಾಷಾ ಮಾದರಿಯ ತರಬೇತಿಗೆ ಸುಮಾರು 12.87 ಲಕ್ಷ ಯೂನಿಟ್ ವಿದ್ಯುತ್ ಬಳಕೆಯಾಗಿ, 552 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ಆಯಿತೆಂದು 2021ರ ಒಂದು ಅಧ್ಯಯನ ಅಂದಾಜಿಸಿತು. ಹೆಚ್ಚುಕಡಮೆ ಅಷ್ಟೇ ಗಾತ್ರದ ಬ್ಲೂಮ್ ಎಂಬ ಮಾದರಿಯನ್ನು ಫ್ರಾನ್ಸಿನಲ್ಲಿ ತರಬೇತಿಗೊಳಿಸಿದಾಗ ಬಳಕೆಯಾದದ್ದು ಸುಮಾರು 4.33 ಲಕ್ಷ ಯೂನಿಟ್. ಆ ವಿದ್ಯುತ್ತಿನ ಹೊರಸೂಸುವಿಕೆ ಸುಮಾರು 25 ಟನ್. ವಿದ್ಯುತ್ತಿನಲ್ಲಿ ಮೂರು ಪಟ್ಟು ವ್ಯತ್ಯಾಸವಿದ್ದರೆ ಹೊರಸೂಸುವಿಕೆಯಲ್ಲಿ ಇಪ್ಪತ್ತು ಪಟ್ಟಿಗೂ ಹೆಚ್ಚು. ಫ್ರಾನ್ಸಿನ ವಿದ್ಯುತ್ ಬಹುಮಟ್ಟಿಗೆ ಪರಮಾಣು ಮೂಲದ್ದೆಂಬುದೇ ಇದಕ್ಕೆ ಮುಖ್ಯ ಕಾರಣ. ಸೌದೆಯೋ ಜಲಪಾತವೋ ಎಂಬ 1902ರ ಪ್ರಶ್ನೆಯೇ ಇಲ್ಲಿ ಮರುಕಳಿಸಿದೆ. ಸುಮಾರು ಮುಕ್ಕಾಲು ಪಾಲು ವಿದ್ಯುತ್ತನ್ನು ಕಲ್ಲಿದ್ದಲಿನಿಂದಲೇ ಪಡೆಯುವ ಭಾರತದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ.

ಎರಡನೆಯದು ದಿನನಿತ್ಯದ ಬಳಕೆಯ ವೆಚ್ಚ. ತನ್ನ ಜೆಮಿನಿ ಸೇವೆಯಲ್ಲಿ ಸಾಧಾರಣ ಪಠ್ಯಪ್ರಶ್ನೆಯೊಂದಕ್ಕೆ 0.24 ವ್ಯಾಟ್-ಗಂಟೆ ವಿದ್ಯುತ್ ಹಾಗೂ 0.26 ಮಿಲಿಲೀಟರ್ ನೀರು ಸಾಕೆಂದು ಗೂಗಲ್ 2025ರಲ್ಲಿ ಪ್ರಕಟಿಸಿತು. ಇದನ್ನು ನಮ್ಮ ಅಳತೆಗೆ ತಂದರೆ, ಒಂದು ಲಕ್ಷ ಪ್ರಶ್ನೆಗಳಿಗೆ 24 ಯೂನಿಟ್ ವಿದ್ಯುತ್, ಎರಡು ಕೊಡದಷ್ಟು ನೀರು. ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಒಬ್ಬ ಸಂಶೋಧಕ ಕೇಳುವ ಹತ್ತಿಪ್ಪತ್ತು ಪ್ರಶ್ನೆಗಳಿಂದ ಕೆರೆ ಬತ್ತುತ್ತದೆ ಎಂದು ಹೆದರಿಸುವುದು ವಿದ್ವತ್ತಿನ ಕೆಲಸವಲ್ಲ.

ಆದರೆ ಈ ಲೆಕ್ಕದ ಪುಸ್ತಕದಲ್ಲೂ ಕಲಂಗಳು ಬಿಟ್ಟುಹೋಗಿವೆ. ವಿದ್ಯುತ್ ಉತ್ಪಾದಿಸುವ ಸ್ಥಾವರದಲ್ಲಿ ಖರ್ಚಾಗುವ ನೀರು ಆ ಅಂಕಿಯಲ್ಲಿ ಸೇರಿಲ್ಲ. ತರಬೇತಿಯ ವೆಚ್ಚ ಸೇರಿಲ್ಲ. ಚಿತ್ರ, ಚಲನಚಿತ್ರಗಳ ತಯಾರಿಕೆಯ ಲೆಕ್ಕ ಅದರಲ್ಲಿ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದು ಪ್ರಶ್ನೆಯ ಲೆಕ್ಕ ಒಟ್ಟು ಮೊತ್ತದ ಲೆಕ್ಕವಲ್ಲ. ಅದೇ ಸಂಸ್ಥೆಯ 2024ರ ಪರಿಸರ ವರದಿಯಂತೆ ಅದರ ಹಸಿರುಮನೆ ಅನಿಲಗಳ ಹೊರಸೂಸುವಿಕೆ 2019ಕ್ಕೆ ಹೋಲಿಸಿದರೆ 2023ರಲ್ಲಿ ಶೇ. 48ರಷ್ಟು ಏರಿತ್ತು. ಬಿಡಿ ಪ್ರಶ್ನೆಯ ಖರ್ಚು ಇಳಿಯುತ್ತಿರುವ ಕಾಲದಲ್ಲಿಯೇ ಒಟ್ಟು ಬಳಕೆ ಏರುತ್ತಿರುವುದು ಜೆವನ್ಸ್ ಹೇಳಿದ ಹಾಗೆ, ಚಾಂಪಿಯನ್ ರೀಫ್ ತೋರಿಸಿದ ಹಾಗೆ ನಡೆದಿದೆ.

ತಣಿಸುವ ಸಮಸ್ಯೆಯೂ ಅದೇ. ನೀರನ್ನು ಆವಿಯಾಗಿಸಿ ಯಂತ್ರಗಳನ್ನು ತಣಿಸಿದರೆ ವಿದ್ಯುತ್ ಉಳಿಯುತ್ತದೆ, ನೀರು ಹೋಗುತ್ತದೆ. ಗಾಳಿಯಿಂದ ತಣಿಸಿದರೆ ನೀರು ಉಳಿಯುತ್ತದೆ, ವಿದ್ಯುತ್ ಹೆಚ್ಚು ಬೇಕಾಗುತ್ತದೆ. ಯಾವುದನ್ನು ಆರಿಸಬೇಕೆಂಬುದು ಆ ಊರಿನ ನೀರು, ಆ ಊರಿನ ವಿದ್ಯುತ್ ಎಂತಹವು ಎಂಬುದನ್ನು ಅವಲಂಬಿಸಿದೆ. 2022-27ರ ದತ್ತಾಂಶ ಕೇಂದ್ರ ನೀತಿಯನ್ನು ರೂಪಿಸಿಕೊಂಡಿರುವ ಕರ್ನಾಟಕದಲ್ಲಿ ಈ ಆಯ್ಕೆ ಕೇವಲ ತಾಂತ್ರಿಕವಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದುದು ಎಲ್ಲರ ನೆನಪಿನಲ್ಲಿದೆ. ಕೋಲಾರದ ಕೆರೆಗಳಾದರೋ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರು ಬಳಸಿ ಬಿಟ್ಟು, ಸಂಸ್ಕರಿಸಿ ಕಳುಹಿಸಿದ ನೀರನ್ನು ತುಂಬಿಕೊಳ್ಳುತ್ತಿವೆ. ‘ಸಮುದ್ರ’ವೆಂದು ಹೆಸರಿಟ್ಟುಕೊಂಡ ಸೀಮೆಯ ಜನ ಇಂದು ರಾಜಧಾನಿಯ ಕೊಳಚೆಯ ಸಂಸ್ಕರಣೆ ಎಷ್ಟು ಸಮರ್ಪಕ ಎಂದು ವಿಚಾರಿಸುವ ಸ್ಥಿತಿಗೆ ಬಂದಿದ್ದಾರೆ. ಹೀಗಿರುವಾಗ ಯಂತ್ರ ತಣಿಸಲು ಸಿಹಿನೀರನ್ನು ಬಳಸುವುದೋ, ಸಂಸ್ಕರಿತ ನೀರನ್ನು ಬಳಸುವುದೋ, ಬಳಸಿದ ಮೇಲೆ ಕೆಳಗಿನ ಊರಿಗೆ ಉಳಿಯುವುದೆಷ್ಟು ಎಂಬ ಪ್ರಶ್ನೆಗಳನ್ನು ಕಟ್ಟಡ ಏಳುವ ಮೊದಲೇ ಕೇಳಬೇಕು. ‘ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂಬಂತೆ ಆಗಬಾರದು.

ಶೇಷದ ವಿಷಯದಲ್ಲಿ ಹೋಲಿಕೆ ಇನ್ನೂ ನೇರವಾಗಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ವಿದ್ಯುನ್ಮಾನ ಕಸ 6.2 ಕೋಟಿ ಟನ್; ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ನೂರಿಪ್ಪತ್ತು ವರ್ಷಗಳಲ್ಲಿ ಕೋಲಾರದಲ್ಲಿ ರಾಶಿ ಬಿದ್ದ ದಿಬ್ಬಗಳ ಸುಮಾರು ಎರಡರಷ್ಟು ಕಸ ಒಂದೇ ವರ್ಷದಲ್ಲಿ! ಗಣಕಗಳ ಸರ್ಕಿಟ್ ಫಲಕಗಳಲ್ಲಿ ಚಿನ್ನದ ಲೇಪವಿರುತ್ತದೆ. ಟನ್ನಿನ ಲೆಕ್ಕದಲ್ಲಿ ಅದು ಕೊನೆಗಾಲದ ಕೋಲಾರದ ಅದಿರಿಗಿಂತ ಎಷ್ಟೋ ಪಟ್ಟು ಶ್ರೀಮಂತ. ಆ ಚಿನ್ನವನ್ನು ಗಲ್ಲಿಗಳಲ್ಲಿ ಆಮ್ಲ ಸುರಿದು, ಸುಟ್ಟು ಬೇರ್ಪಡಿಸುವ ಕೈಗಳು ಇಂದೂ ಬಡವರ ಕೈಗಳೇ.

7

ಜಾನಪದ ಕ್ಷೇತ್ರಕ್ಕೆ ಈ ಚರ್ಚೆ ಹೊರಗಿನದಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ, ಅಕಾಡೆಮಿಗಳಲ್ಲಿ, ಸಂಗ್ರಾಹಕರ ಮನೆಗಳಲ್ಲಿ ಧ್ವನಿಸುರುಳಿಗಳ ರಾಶಿಯಿದೆ. ಅವುಗಳನ್ನು ಬರಹಕ್ಕೆ ಇಳಿಸಲು, ವರ್ಗೀಕರಿಸಲು, ಸೂಚಿ ತಯಾರಿಸಲು ಕೃತಕ ಬುದ್ಧಿಮತ್ತೆ ನೆರವಾಗಬಲ್ಲದು. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಮದರಾಸಿನ ಐಐಟಿಯ ಎಐ4ಭಾರತ್ ಮೊದಲಾದ ಪ್ರಯತ್ನಗಳಿಂದ ಕನ್ನಡದ ಮಾತನ್ನು ಬರಹಕ್ಕಿಳಿಸುವ, ಅನುವಾದಿಸುವ ಉಪಕರಣಗಳು ದೊರೆಯುತ್ತಿವೆ. ಮೂರು ನುಡಿಗಳು ಬೆರೆತ ಕಾಮಸಮುದ್ರದಂತಹ ಗಡಿಸೀಮೆಯ ಹಾಡುಗಾರಿಕೆಯನ್ನು ಇವು ಎಷ್ಟು ಸರಿಯಾಗಿ ಹಿಡಿಯುತ್ತವೆ ಎಂಬುದು ಬೇರೆ ಪ್ರಶ್ನೆ. ಕೇಳಿ ತಿದ್ದುವ ಕಿವಿ ಅಲ್ಲಿಯ ಮನುಷ್ಯರದೇ ಆಗಬೇಕು. ಆದರೂ ಹಾಡಿದವರು ಗತಿಸಿ, ಸುರುಳಿಗಳು ಬೂಸ್ಟು ಹಿಡಿಯುತ್ತಿರುವಾಗ ಪರಿಸರದ ಹೆಸರು ಹೇಳಿ ಈ ನೆರವನ್ನೇ ತಿರಸ್ಕರಿಸುವುದು ವಿವೇಕವಲ್ಲ. ಬೇಡವೆನ್ನುವುದಕ್ಕಿಂತ ಎಷ್ಟು, ಯಾವುದಕ್ಕೆ, ಹೇಗೆ ಎಂದು ಕೇಳುವ ನೀರಗಂಟಿಯ ವಿವೇಕ ಇಲ್ಲಿ ಬೇಕಾಗಿದೆ. ಈ ದೃಷ್ಟಿಯಿಂದ ಕೆಲವು ಸೂತ್ರಗಳನ್ನು ಇಲ್ಲಿ ಮುಂದಿಡಬಹುದು.

ಮೊದಲನೆಯದಾಗಿ, ಕೆಲಸಕ್ಕೆ ತಕ್ಕ ಉಪಕರಣವನ್ನು ಆರಿಸಬೇಕು. ಒಂದು ನಿರ್ದಿಷ್ಟ ಕೆಲಸಕ್ಕೆಂದೇ ಸಿದ್ಧಪಡಿಸಿದ ಚಿಕ್ಕ ಮಾದರಿಯು ಅದೇ ಕೆಲಸಕ್ಕೆ ಎಲ್ಲವನ್ನೂ ಮಾಡಬಲ್ಲ ದೊಡ್ಡ ಮಾದರಿಗಿಂತ ಬಹಳ ಕಡಮೆ ಶಕ್ತಿ ಬಳಸುತ್ತದೆಂದೂ, ಪಠ್ಯದ ಕೆಲಸಕ್ಕಿಂತ ಚಿತ್ರರಚನೆಗೆ ಅನೇಕ ಪಟ್ಟು ಹೆಚ್ಚು ಶಕ್ತಿ ಬೇಕೆಂದೂ 2024ರ ಒಂದು ಅಧ್ಯಯನದಲ್ಲಿ ಸಾಶಾ ಲುಚ್ಚಿಯೋನಿ ಮತ್ತು ಸಂಗಡಿಗರು ತೋರಿಸಿದ್ದಾರೆ. ಅಕಾರಾದಿ ಸೂಚಿ ಮಾಡಲು ಕೃತಕ ಬುದ್ಧಿಮತ್ತೆಯೇ ಬೇಕಿಲ್ಲ. ಸಾಮಾನ್ಯ ಗಣಕವೇ ಸಾಕು.

ಎರಡನೆಯದಾಗಿ, ಒಮ್ಮೆ ಮಾಡಿದ ಕೆಲಸವನ್ನು ಹಂಚಿಕೊಳ್ಳಬೇಕು. ಒಂದೇ ಧ್ವನಿಮುದ್ರಿಕೆಯನ್ನು ಐದು ಸಂಸ್ಥೆಗಳು ಐದು ಬಾರಿ ಬರಹಕ್ಕಿಳಿಸುವುದು ಹಣದ ಪೋಲು, ವಿದ್ಯುತ್ತಿನ ಪೋಲು. ತಿದ್ದಿದ ಪಠ್ಯವು ಹಾಡಿದ ಸಮುದಾಯದ ಒಪ್ಪಿಗೆಯೊಂದಿಗೆ ಎಲ್ಲ ಗ್ರಂಥಾಲಯಗಳಿಗೂ ದೊರೆಯುವಂತಾಗಬೇಕು. ಅಚ್ಚುಕಟ್ಟಿನಲ್ಲಿ ಹೊಲಕ್ಕೊಂದು ಕೆರೆ ಇರುವುದಿಲ್ಲ.

ಮೂರನೆಯದಾಗಿ, ಖರೀದಿಸುವ ಸಂಸ್ಥೆಗಳು ಕಲಂಗಳನ್ನು ಕೇಳಬೇಕು. ದತ್ತಾಂಶ ಎಲ್ಲಿದೆ, ಅಲ್ಲಿಯ ವಿದ್ಯುತ್ ಯಾವ ಮೂಲದ್ದು, ನೀರೆಷ್ಟು, ಹಳೆಯ ಯಂತ್ರಗಳು ಎಲ್ಲಿಗೆ ಹೋಗುತ್ತವೆ ಎಂಬ ವಿವರಗಳನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು. ವ್ಯಕ್ತಿಯ ಸಂಯಮಕ್ಕಿಂತ ಸಂಸ್ಥೆಯ ಈ ಪ್ರಶ್ನೆಗೆ ಬಲ ಹೆಚ್ಚು. ಗಣಿಯ ಕಾಲದಲ್ಲಿ ಇಂತಹ ಷರತ್ತನ್ನು ಹಾಕುವ ಅವಕಾಶ ಮೈಸೂರು ಸರ್ಕಾರಕ್ಕೆ ಇತ್ತು. ಅದು ರಾಜಧನವನ್ನು ಕೇಳಿತು, ಶೇಷದ ಹೊಣೆಯನ್ನು ಕೇಳಲಿಲ್ಲ.

ನಾಲ್ಕನೆಯದಾಗಿ, ಯಂತ್ರಗಳನ್ನು ಬಾಳಿಸಬೇಕು. ಹೊಸ ಉಪಕರಣ ಬಂದಿತೆಂಬ ಒಂದೇ ಕಾರಣಕ್ಕೆ ಹಳೆಯದನ್ನು ಎಸೆಯದೆ, ದುರಸ್ತಿ ಮಾಡಿಸಿ ಬಳಸುವ ನಮ್ಮ ಹಳ್ಳಿಗಳ ರೂಢಿಯನ್ನು ಕಚೇರಿಗಳೂ ಕಲಿಯಬೇಕು.

ಐದನೆಯದಾಗಿ, ಉಪಯೋಗದ ಆದ್ಯತೆಯನ್ನು ಗುರುತಿಸಬೇಕು. ಕಾಮಸಮುದ್ರ ಹೋಬಳಿಯ ಗಡಿ ಗ್ರಾಮಗಳ ರೈತರಿಗೆ ನೆರೆಯ ಕಾಡುಗಳಿಂದ ಬರುವ ಆನೆಗಳ ಹಿಂಡು ದೊಡ್ಡ ಸಂಕಟ. ಬೆಳೆಯೂ ಹೋಗುತ್ತದೆ, ಜೀವವೂ ಹೋಗುತ್ತದೆ. ಕೊಯಮತ್ತೂರಿನ ಬಳಿಯ ಮಧುಕ್ಕರೈಯಲ್ಲಿ ರೈಲು ಹಳಿಗಳತ್ತ ಬರುವ ಆನೆಗಳನ್ನು ಕ್ಯಾಮೆರಾಗಳ ಚಿತ್ರದಿಂದ ಗುರುತಿಸಿ ಎಚ್ಚರಿಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯನ್ನು ತಮಿಳುನಾಡು ಅರಣ್ಯ ಇಲಾಖೆ 2024ರಲ್ಲಿ ಆರಂಭಿಸಿತು. ಇಂತಹ ಉಪಯೋಗಕ್ಕೂ, ಯಾರೂ ಕೇಳದಿದ್ದರೂ ಪ್ರತಿಯೊಂದು ಹುಡುಕಾಟದ ತುದಿಗೂ ಅಂಟಿಸುವ ಯಾಂತ್ರಿಕ ಸಾರಾಂಶಕ್ಕೂ ಒಂದೇ ತೂಕ ಸಲ್ಲದು. ನೀರು ಕಡಮೆಯಾದ ವರ್ಷ ತೂಬು ಮೊದಲು ಯಾವ ಗದ್ದೆಗೆ ತೆರೆಯಬೇಕೆಂದು ನಿರ್ಧರಿಸುವ ಹಾಗೆಯೇ ಇದು.

8

ಒಟ್ಟಿನಲ್ಲಿ, ಕೋಲಾರದ ಚರಿತ್ರೆ ತಂತ್ರಜ್ಞಾನವನ್ನು ವಿರೋಧಿಸಬೇಕೆಂದು ಹೇಳುವುದಿಲ್ಲ. ಅದೇ ಗಣಿಯ ಆಳದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಕುರುಹನ್ನು ಕಂಡರು. ಅದೇ ವಿದ್ಯುತ್ ಮುಂದೆ ಬೆಂಗಳೂರನ್ನು ಬೆಳಗಿತು. ಲಾಭ ಇಲ್ಲವೆಂದಲ್ಲ. ಲಾಭ ಒಂದು ಊರಿನಲ್ಲಿ, ಬಾಕಿ ಇನ್ನೊಂದು ಊರಿನಲ್ಲಿ ಬಿದ್ದಾಗ, ಎರಡನ್ನೂ ಒಂದೇ ಪುಟದಲ್ಲಿ ಬರೆಯುವವರು ಇರಲಿಲ್ಲ ಎಂಬುದೇ ಅಲ್ಲಿಯ ದುರಂತ.

ಗಣಿಯ ಪರಿಸರ ಚರಿತ್ರೆಯನ್ನು ನಾವು ಬರೆಯತೊಡಗಿದ್ದು ಬಹುಮಟ್ಟಿಗೆ ಗಣಿ ಮುಚ್ಚಿದ ಮೇಲೆ. ಕೃತಕ ಬುದ್ಧಿಮತ್ತೆಯ ಯುಗ ಈಗಷ್ಟೇ ಮೊದಲಾಗಿದೆ. ಅದರ ಚಾಂಪಿಯನ್ ರೀಫ್ ಇನ್ನೂ ಅರ್ಧ ಅಗೆದಿಲ್ಲ. ಆದುದರಿಂದ ಅದರ ವಿದ್ಯುತ್ತು, ನೀರು, ಶೇಷಗಳ ದಾಖಲಾತಿಯನ್ನು ಈಗಲೇ ಆರಂಭಿಸುವ ಅವಕಾಶ ಸಂಶೋಧಕರಿಗಿದೆ. ಎಲ್ಲಿ ಯಾವ ಕೇಂದ್ರ ಎದ್ದಿತು, ಯಾವ ಕೆರೆಯ, ಯಾವ ನದಿಯ ನೀರು ಅದಕ್ಕೆ ಹರಿಯಿತು, ಸುತ್ತಲಿನ ಜನ ಅದನ್ನು ಯಾವ ಹೆಸರಿನಿಂದ ಕರೆದರು, ಅದರ ಬಗ್ಗೆ ಯಾವ ಮಾತು, ಯಾವ ಗಾದೆ ಹುಟ್ಟಿತು ಎಂಬುದನ್ನು ಸಂಗ್ರಹಿಸುವುದು ಜಾನಪದ ಅಧ್ಯಯನದ ಹೊಸ ಹೊಣೆಗಳಲ್ಲಿ ಒಂದಾಗಬೇಕು. ಕಂಪನಿಗಳ ವರದಿಯಲ್ಲಿ ಬಿಟ್ಟುಹೋಗುವ ಕಲಂಗಳು ಜನರ ಮಾತಿನಲ್ಲಿ ಉಳಿದಿರುತ್ತವೆ.